ಇಳಿಸಿದವನೇ ಎತ್ತಬೇಕು

ಮತ್ತೆ ಗಂಧಕದ ವಾಸನೆ, ಬಸ್ಸಿನ ಬಾಗಿಲು ತೆರೆದೊಡನೆ ಈ ಪ್ರವಾಸಿಗರೆಲ್ಲರೂ ಒಟ್ಟಿಗೆ ಮೂಗು ಮುಚ್ಚಿಕೊಳ್ಳುತ್ತಾರೆ, ಪ್ರತಿ ಹಡಗಿನವರೂ ಹೀಗೆಯೇ, ನನ್ನ ತುಟಿಗಳು ತಾವಾಗಿಯೇ ಅಗಲವಾಗುತ್ತವೆ, ಬನ್ನಿ ಬನ್ನಿ, ಹಲಗೆ ದಾರಿ ಬಿಟ್ಟು ಇಳೀಬೇಡಿ, ನೆಲ ಸುಡುತ್ತೆ — ಇದನ್ನು ಆಡಿದವಳು ನಾನೇ ಇರಬೇಕು, ಎಲ್ಲರೂ ನನ್ನತ್ತಲೇ ನೋಡುತ್ತಿದ್ದಾರೆ. ಬೆಳಗ್ಗೆ ಇದೇ ಹಲಗೆಯ ಮೇಲೆ ನನ್ನ ಗಂಡ ಗುವಾಲ್ತೇರ್ ಕುಸಿದು ಕುಳಿತ, ಇವರ ಊಟದ ಪಾತ್ರೆಯನ್ನು ನೆಲದ ಬಿಸಿಯಲ್ಲೇ ಬೇಯಲೆಂದು ಬಿಸಿಕುಳಿಗೆ ಇಳಿಸಿ, ಮುಚ್ಚಳ ಹಾಕಿ, ಅದರ ಮೇಲೆ ಮಣ್ಣೆಳೆದು, ನಮ್ಮ ಹೋಟೆಲಿನ ಹೆಸರಿನ ಫಲಕವನ್ನು ಊರಿ, ಆಮೇಲೆ — ಕೆಲಸ ಮುಗಿಸಿಯೇ ಕುಸಿದ, ಅದು ಅವನ ಸ್ವಭಾವ — ಎದೆಯನ್ನು ಹಿಡಿದುಕೊಂಡು, ಏನಿಲ್ಲ ಕಣೇ, ಬಿಸಿ ಹಬೆ ಒಳಗೆ ಹೋಯ್ತು ಅಷ್ಟೆ. ಆಂಬುಲೆನ್ಸಿನಲ್ಲಿ ಒಬ್ಬರಿಗೆ ಮಾತ್ರ ಜಾಗ, ಅವನ ತಮ್ಮ ಅಮಾನ್ಸಿಯು ಹತ್ತಿದ, ನೀನು ಇಲ್ಲೇ ಇರು ಅತ್ತಿಗೆ, ಹಡಗಿನವ್ರು ಬಂದ್ಬಿಡ್ತಾರೆ, ಆಸ್ಪತ್ರೆಯಿಂದ ಫೋನ್ ಮಾಡ್ತೀನಿ, ಮತ್ತು ಮಲಗಿದ್ದವನು ಬಾಯಿಯ ಮೇಲಿನ ಪ್ಲಾಸ್ಟಿಕ್ಕನ್ನು ಸರಿಸಿ, ಮಧ್ಯಾಹ್ನಕ್ಕೆ ನಾನೇ ಬಂದು ಎತ್ತುತ್ತೀನಿ, ಆ ಪಕ್ಕದ ಕುಳಿಯ ಲೌರೆನಿಯು ಕೈಗೆ ಕೊಟ್ಟೀಯೆ, ಸಾರೆಲ್ಲ ಚೆಲ್ತಾನೆ, ಎಂದ. ಬಾಗಿಲು ಮುಚ್ಚಿತು. ನಾನು ಬಂದರಿಗೆ ಹೋದೆ, ಬಸ್ಸನ್ನು ಹತ್ತಿದೆ, ಮೈಕನ್ನು ಹಿಡಿದೆ.

ಇಲ್ಲಿ ಕೆಸರು ಕುದಿಯುತ್ತಿದೆ, ಗೊಳಕ್ ಗೊಳಕ್, ಎಲ್ಲರೂ ಅದರ ಪಟ ತೆಗೆಯುತ್ತಿದ್ದಾರೆ, ನನ್ನ ಕಾಲಿಗೆ ನೆಲದ ಬಿಸಿ ತಾಗುತ್ತಿಲ್ಲ, ಬೆಂಡಿನ ಕಾಲುಗಳಂತಿವೆ, ಜೇಬಿನಲ್ಲಿ ಫೋನು ಕಲ್ಲಿನಂತೆ ಕುಳಿತಿದೆ. ನೀಲಿ ಟೋಪಿಯ ಅಜ್ಜಿಯೊಬ್ಬಳು ತೋಳು ಹಿಡಿದು, ಇದು ಸತ್ತ ಜ್ವಾಲಾಮುಖಿಯೇನಮ್ಮಾ, ಇಲ್ಲಜ್ಜಿ, ನಿದ್ದೆ ಮಾಡ್ತಿದೆ, ಅಯ್ಯೋ ಎದ್ದುಬಿಟ್ರೆ, ನಿಮ್ಮ ಹಡಗು ಹೊರಟ ಮೇಲೇ ಏಳು ಅಂತ ಹೇಳಿಟ್ಟಿದೀವಿ — ನಗು, ಈ ತಮಾಷೆ ಗುವಾಲ್ತೇರನದು, ನಾನು ಎರವಲು ಪಡೆದು ಎಷ್ಟು ವರ್ಷವಾಯಿತೋ. ಎದೆನೋವಿಗೆ ಈಗ ಒಳ್ಳೆಯ ಔಷಧಿಗಳಿವೆ. ಕುಳಿಗಳಾಚೆಯ ಸರೋವರದ ಮೇಲೆ ಮಂಜು ಇಳಿದಿದೆ, ಇಳಿದಿರಲಿ. ನಮ್ಮ ಅತ್ತೆ ಈ ಕುಳಿಗಳನ್ನು ತೋರಿಸಿ ನನಗೆ ಮೊದಲು ಹೇಳಿದ್ದೂ ಇದೇ ಅಲ್ಲವೇ, ನೋಡು ದಿಯೊಲಿಂದಾ, ಇಳಿಸಿದವನೇ ಎತ್ತಬೇಕು, ಈ ಮನೇಲಿ ಬೇರೆ ಗಂಡಸು ಪಾತ್ರೆಗೆ ಕೊಕ್ಕೆ ಹಾಕೋ ಹಾಗಿಲ್ಲ. ಜ್ವರ ಬಂದಾಗ ಗುವಾಲ್ತೇರ್ ಕಂಬಳಿ ಹೊದ್ದು ಬಂದು ಎತ್ತಿದ್ದ, ದಾರಿಯುದ್ದಕ್ಕೂ ಸೀನುತ್ತ. ಒಮ್ಮೆ ಮಾತ್ರ, ಮಾವ ಬೆಳಗ್ಗೆ ಪಾತ್ರೆ ಇಳಿಸಿ ಹೋಗಿ ಜೋಳದ ಹೊಲದಲ್ಲಿ ತೀರಿಕೊಂಡ ದಿನ, ಅತ್ತೆಯೇ ಕರಿ ಶಾಲು ಹೊದ್ದು ಬಂದು ಎತ್ತಿದರಂತೆ, ಅಂಥ ದಿನ ಕೊಕ್ಕೆ ಹೆಂಡ್ತಿ ಕೈಗೆ ಬರುತ್ತೆ, ಎಂದಿದ್ದರು, ಎಲೆಕೋಸನ್ನು ಬಿಡಿಸುತ್ತಲೇ, ಉಪ್ಪಿನ ಹದವನ್ನು ಹೇಳುವ ದನಿಯಲ್ಲಿ.

ಬೇರೆ ಹೋಟೆಲಿನವರ ಪಾತ್ರೆಗಳು ಆಗಲೇ ಮೇಲೇಳುತ್ತಿವೆ, ಹಂದಿಮಾಂಸದ, ಗೆಡ್ಡೆಗಳ ಘಮ, ಪಕ್ಕದ ಕುಳಿಯಲ್ಲಿ ಲೌರೆನಿಯು, ದಿನವೂ ಗುವಾಲ್ತೇರನನ್ನು ಕೆಣಕುವವನು, ಏನೋ, ಬರೀ ಕೋಸೇ ತುಂಬಿದೀಯಲ್ಲ, ಮಾಂಸ ಮನೇಲಿ ಬಚ್ಚಿಟ್ಟೆಯಾ, ಹೂಂ ಕಣೋ, ನಿನ್ನ ಕಣ್ಣು ಬೀಳಬಾರ್ದು ಅಂತ — ಇಂದು ಅವನು ನನ್ನನ್ನು ಕಂಡು ಬರಿದೇ ತಲೆಯಾಡಿಸಿದ. ಫೋನು ರಿಂಗಾಯಿತು. ನನ್ನದಲ್ಲ, ಅವನದು. ಅವನು ಹೈಡ್ರೇಂಜಾ ಪೊದೆಯ ಆಚೆಗೆ ಹೋದ, ಬೆನ್ನು ಕಾಣುತ್ತಿದೆ, ಬೆನ್ನು ಬಾಗಿತು, ಅಮಾನ್ಸಿಯುವಿಗೆ ನನ್ನೊಡನೆ ಮಾತನಾಡುವ ಧೈರ್ಯ ಎಂದಿಗೂ ಇರಲಿಲ್ಲ, ಇಲ್ಲ, ಲೌರೆನಿಯುವಿಗೆ ನೂರು ಜನ ಫೋನು ಮಾಡುತ್ತಾರೆ, ಹೆಂಡತಿ ಮಾಡುತ್ತಾಳೆ, ಮೀನಿನವನು ಮಾಡುತ್ತಾನೆ. ಮರಳಿದಾಗ ಟೋಪಿ ತಲೆಯ ಮೇಲಿಲ್ಲ, ಕಂಕುಳಲ್ಲಿದೆ. ಉಳಿದ ಗಂಡಸರಿಗೆ ಅವನೇನೋ ಹೇಳಿದ, ಅವರೂ ಟೋಪಿ ತೆಗೆದರು, ಬಿಸಿಲಿಲ್ಲ, ಸೆಕೆಯಿಲ್ಲ, ಏಕೆ ತೆಗೆಯುತ್ತಾರೆ.

ಊಟ ಯಾವಾಗಮ್ಮಾ, ಇನ್ನೂ ಬೇಯ್ಬೇಕು ಅಜ್ಜಿ, ಇನ್ನೊಂಚೂರು. ಲೌರೆನಿಯು ಹತ್ತಿರ ಬಂದು, ಅತ್ತಿಗೆ, ತಳ ಹತ್ತುತ್ತೆ. ಹತ್ಲಿ ಬಿಡು, ಅವ್ರೇ ಬರ್ತಾರೆ, ಮಧ್ಯಾಹ್ನಕ್ಕೆ ಬರ್ತೀನಿ ಅಂದಿದಾರೆ. ಅತ್ತಿಗೆ. ನೀನು ಎತ್ತಬೇಡ ಲೌರೆನಿಯು, ಚೆಲ್ತೀಯ. ನಾನು ಎತ್ತಲ್ಲ ಅತ್ತಿಗೆ, ಎಂದ. ನಮ್ಮ ದಿಬ್ಬದ ಮಣ್ಣನ್ನು ತಾನೇ ಎಳೆದ, ನಿಧಾನವಾಗಿ, ಮುಚ್ಚಳವನ್ನು ಸರಿಸಿದ, ಕುಳಿಯ ಬಾಯಿಂದ ಹಬೆ ಎದ್ದಿತು, ಮತ್ತೆ ಅವನು ಗುವಾಲ್ತೇರನ ಕೊಕ್ಕೆಕೋಲನ್ನು ಎತ್ತಿಕೊಂಡು, ಹಿಡಿಯನ್ನು ನನ್ನ ಕಡೆಗೆ ತಿರುಗಿಸಿ, ಎರಡೂ ಕೈಯಲ್ಲಿ ಚಾಚಿದ, ಚಾಚಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹಿಂದೆ ಕ್ಯಾಮೆರಾಗಳು ಕ್ಲಿಕ್ ಕ್ಲಿಕ್. ಹಿಡಿ ನನ್ನ ಅಂಗೈಯಲ್ಲಿದೆ, ಯಾವಾಗ ತೆಗೆದುಕೊಂಡೆನೋ, ಕೊಕ್ಕೆ ಇಳಿಯುತ್ತಿದೆ, ಹಬೆ ಸರಿದಾಗ ಕೆಳಗೆ ಪಾತ್ರೆ, ಪಾತ್ರೆಗೆ ಸುತ್ತಿದ ಬಟ್ಟೆ, ಬಟ್ಟೆಯ ನಡುವೆ ಅವನು ಬೆಳಗ್ಗೆ ಹಾಕಿದ ಗಂಟು, ತುದಿಗಳೆರಡೂ ಮೊಲದ ಕಿವಿಯಂತೆ ನೆಟ್ಟಗೆ, ಹಬೆ ಮುಚ್ಚುತ್ತದೆ, ಸರಿಯುತ್ತದೆ, ಗಂಟು, ಹಲ್ಲು ಕಚ್ಚಿ ಬಿಗಿದ ಗಂಟು, ಮುಚ್ಚುತ್ತದೆ, ಎಳಿ ಅತ್ತಿಗೆ, ಎಳೆಯಬೇಕು, ಸರಿಯುತ್ತದೆ, ಒದ್ದೆಯಾಗಿ, ಗಟ್ಟಿಯಾಗಿ, ಇನ್ನೂ ಯಾರೂ ಬಿಚ್ಚದ ಆ ಗಂಟು, ಆ ಗಂಟು —