ಮುಂಗೈ ಮೇಲಿನ ಲಿಂಗ

ಬೆಳಿಗ್ಗೆ ಆರೂವರೆಗೆ ನಿಂಗರಾಜನ ಎಡ ಮುಂಗೈಯ ಶಿವಲಿಂಗಕ್ಕೆ ಇರುವೆ ಹತ್ತಿದ್ದವು. ಕೆಂಪಿರುವೆ. ಹಿಂದಿನ ಸಂಜೆ ಅಜ್ಜಿ ಸುಂದರವ್ವ ಅದಕ್ಕೆ ಹಾಲು, ತುಪ್ಪ, ಜೇನು, ಸಕ್ಕರೆಯ ಅಭಿಷೇಕ ಮಾಡಿದ್ದರ ಫಲ ಅದು.

ಹಚ್ಚೆ ಹಾಕಿಸಿ ಆರು ದಿನವಾಗಿತ್ತು. 1996ರ ನವೆಂಬರ್. ಸವದತ್ತಿ ಬಸ್ ಸ್ಟ್ಯಾಂಡಿನ ಹೊರಗೆ ಬ್ಯಾಟರಿ ಯಂತ್ರ ಇಟ್ಟುಕೊಂಡು ಕೂತಿದ್ದವನು ಹದಿನೈದು ನಿಮಿಷದಲ್ಲಿ ಕೊರೆದುಕೊಟ್ಟಿದ್ದ. ಹೇಳಬೇಕಾದ್ದನ್ನು ಸರಿಯಾಗಿಯೇ ಹೇಳಿದ್ದ: "ನೀರಾಗ ನೆನಸಬ್ಯಾಡ. ಕೊಬ್ಬರಿ ಎಣ್ಣಿ ತೆಳ್ಳಗ ಸವರು. ಹಕ್ಕಳಿ ತಾನ ಉದುರಬೇಕು, ಕೀಳಬ್ಯಾಡ."

ಪೂಜೆಯ ಬಗ್ಗೆ ಏನೂ ಹೇಳಿರಲಿಲ್ಲ.

ತಪ್ಪು ನಿಂಗರಾಜನದೇ. ಕೊರಳಲ್ಲಿ ಕಟ್ಟಿಕೊಳ್ಳಬೇಕಾದ ಇಷ್ಟಲಿಂಗವನ್ನು ಎರಡು ವರ್ಷದಲ್ಲಿ ಮೂರು ಸಲ ಕಳೆದಿದ್ದ. ಎರಡು ಸಲ ಮನೋಳಿಯ ಹೊಳೆಯಲ್ಲಿ ಈಜುವಾಗ, ಒಂದು ಸಲ ವಾಲಿಬಾಲ್ ಆಡುವಾಗ. ಅಜ್ಜಿಯ ಬೈಗುಳ ಸಾಕಾಗಿ ಹಚ್ಚೆ ಹಾಕಿಸಿಕೊಂಡು ಬಂದು ಕೈ ಚಾಚಿದ್ದ.

"ಆಯಿ, ನೋಡು. ಇದು ಕಳಿಯೂದಿಲ್ಲ."

ಸುಂದರವ್ವ ಕೈ ಹಿಡಿದು, ಹೊರಳಿಸಿ ನೋಡಿ, ಮೆಚ್ಚಿದಳು. "ಚಲೋ ಆತು. ಹಂಗಾರ ದಿನಾ ಎರಡು ಹೊತ್ತು ಪೂಜಿ ಆಗಬೇಕು."

ಅಂದಿನಿಂದ ನೀರು, ವಿಭೂತಿ, ಹೂವು, ಎಲ್ಲವೂ ಹಸಿ ಗಾಯದ ಮೇಲೆ.

ಈಗ ಕೈ ಬಾತಿತ್ತು. ಇನ್ನು ಒಂಬತ್ತು ದಿನಕ್ಕೆ ಲೈನ್‌ಮನ್ ಕೆಲಸದ ಕಂಬ ಹತ್ತುವ ಪರೀಕ್ಷೆ. ಮುಂಗೈಯಿಂದ ಅಪ್ಪಿಕೊಳ್ಳದೆ ಕಂಬ ಹತ್ತಿದವರು ಯಾರೂ ಇಲ್ಲ.

ಕರೆ ಹೋಗಿ, ಊರಿನ ನರ್ಸ್ ನಾಗರತ್ನಾ ಮನೆಗೇ ಬಂದಳು. ಇರುವೆ ಕೊಡವಿ, ಕೀವು ಒರೆಸಿ ಹೇಳಿದಳು: "ಆಯಿ, ಅಭಿಷೇಕ ಇವತ್ತಿಂದ ಬಂದ್. ಇಲ್ಲಂದ್ರ ದೇವರ ಕೂಡ ಕೈನೂ ಹೋಗತೈತಿ."

"ಪೂಜಿ ಬಿಟ್ರ ಪಾಪ ಹತ್ತೂದು ನನಗ. ನಿನಗೇನವಾ?"

ನಿಂಗರಾಜ ಅಜ್ಜಿಯ ಮುಂಗೈ ಹಿಡಿದೆತ್ತಿದ. ಅಲ್ಲೂ ಒಂದು ಹಚ್ಚೆ ಇತ್ತು, ಹನ್ನೆರಡನೇ ವಯಸ್ಸಿನಲ್ಲಿ ಹಾಕಿಸಿದ್ದು. ಐವತ್ತು ವರ್ಷದಲ್ಲಿ ಮಸಿ ಹರಡಿ, ಕಾಲುಗಳೆಲ್ಲ ಅಳಿಸಿ, ಬೆಂಡೆಕಾಯಿಯಂತಾಗಿತ್ತು.

"ಇದಕ್ಕ ಎಷ್ಟು ಪೂಜಿ ಮಾಡಿದ್ದಿ?"

"ಅದು ಚೇಳೋ, ಭಾಡ್ಯಾ! ಚೇಳಿಗೆ ಯಾರರ ಹಾಲು ಎರಿತಾರೇನು? ಹದಿನೈದು ದಿನಾ ಔಡಲೆಣ್ಣಿ ಹಚಗೊಂಡು ಸುಮ್ಮನ ಕುಂತಿದ್ದೆ."

"ಇದಕ್ಕೂ ಅಷ್ಟ ಮಾಡ್ರಿ," ಎಂದಳು ನಾಗರತ್ನಾ.

"ಲಿಂಗಕ್ಕ? ಪೂಜಿ ಇಲ್ಲದ? ನನ್ನ ಕಡಿಂದ ಆಗೂದಿಲ್ಲ."

ನಿಂಗರಾಜ ಬಾತ ಕೈ ನೋಡಿದ, ಕಂಬ ನೆನೆಸಿಕೊಂಡ, ಸೋತ. "ಆತು ಆಯಿ. ಕೊರಳಿಗೆ ಖರೇ ಲಿಂಗ ಕಟ್ಟು. ಪೂಜಿ ಎಲ್ಲಾ ಅದಕ್ಕ. ನಾನ ಮಾಡತೇನಿ. ಈ ಕೈ ಬಿಡು."

ಸುಂದರವ್ವ ಎದ್ದು ಹೋಗಿ ಟ್ರಂಕ್ ತೆರೆದಳು. ಹೊಸ ಇಷ್ಟಲಿಂಗ ದಾರಸಮೇತ ಸಿದ್ಧವಿತ್ತು; ಮೂರನೆಯದು ಕಳೆದುಹೋದ ವಾರವೇ ಮಠದಿಂದ ತಂದಿಟ್ಟಿದ್ದಳು.

"ಇಷ್ಟು ಹೇಳಾಕ ಆರು ದಿನಾ ಬೇಕಾತೇನು?"

"ಹಂಗಾರ ಕೈಯಾಂದು?"

"ಅದು ಚಿತ್ರ," ಎಂದು ಸುಂದರವ್ವ ಔಡಲೆಣ್ಣೆಯ ಬಾಟಲಿ ತಂದಳು.

ಒಂಬತ್ತನೆಯ ದಿನ ನಿಂಗರಾಜ ಕಂಬ ಹತ್ತಿದ. ಇಳಿಯುವಾಗ ಉಳಿದ ಹಕ್ಕಳೆ ಕಂಬಕ್ಕೆ ಉಜ್ಜಿ ಕಿತ್ತುಬಂತು; ಗಾಯ ಮಾಯ್ದ ಮೇಲೆ ಹಚ್ಚೆಯಲ್ಲಿ ಲಿಂಗ ಅಳಿಸಿಹೋಗಿ, ಕೆಳಗಿನ ಪೀಠ ಮಾತ್ರ ಉಳಿದಿತ್ತು. ಏಪ್ರಿಲ್‌ನಲ್ಲಿ ನೇಮಕಾತಿ ಪತ್ರ ಬಂತು.