ಗಂಗಯ್ಯ ಕಟ್ಟಿಟ್ಟ ನೀಲಿ ತಂತಿ

ಹಿಂಗಾರು ಶುರುವಾಯಿತೆಂದರೆ ಅರಕಲಗೂಡಿನ ಕಡೆ ಗುಡುಗು ಸಿಡಿಲಿಗೆ ಬರವಿಲ್ಲ. ಪಕ್ಕದ ಅಂಗಡಿಯ ಟಿ.ವಿ. ಸುಟ್ಟುಹೋದ ದಿನವೇ ಗಂಗಯ್ಯ ಹುಷಾರಾಗಿಬಿಟ್ಟರು. ಶುಂಠಿ ಬೆಳೆಗಾರರ ಸಂಘದ ಶಾಖೆಯಲ್ಲಿ ಅವರು ಗುಮಾಸ್ತರು. ಕಂಪ್ಯೂಟರಿಗೂ ಗೋಡೆಗೂ ಚುಚ್ಚಿದ್ದ ಇಂಟರ್ನೆಟ್ಟಿನ ನೀಲಿ ತಂತಿಯನ್ನು ಎರಡೂ ಕಡೆ ಕಿತ್ತು, ಇಲಿ ಕಡಿಯದಂತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಡ್ರಾಯರಿನಲ್ಲಿಟ್ಟರು. ಮೂರು ತಿಂಗಳಾಯಿತು. ಕಂಪ್ಯೂಟರ್ ಓಡುತ್ತಲೇ ಇತ್ತು, ತಂತಿಯ ನೆನಪೇ ಅವರಿಗೆ ಬರಲಿಲ್ಲ.

ಆ ಕಂಪ್ಯೂಟರೆಂದರೆ ಗಂಗಯ್ಯನವರಿಗೆ ಜೀವ. ಯಾರ ಹೊಲದ ಶುಂಠಿಗೆ ಯಾವಾಗ ಕೊಳೆರೋಗ ಬಂದಿತ್ತು ಎಂಬ ಹನ್ನೊಂದು ವರ್ಷದ ಪಟ್ಟಿ ಅದರಲ್ಲಿತ್ತು. ಅದನ್ನು ನೋಡಿಯೇ ಸಂಘದವರು ಬಿತ್ತನೆ ಶುಂಠಿ ಆರಿಸುತ್ತಿದ್ದರು. ಪಟ್ಟಿ ಹೋದರೆ ರೋಗದ ಗೆಡ್ಡೆ ಯಾರ ಹೊಲ ಸೇರುತ್ತದೋ ಹೇಳುವವರಿಲ್ಲ.

ಒಂದು ಬೆಳಿಗ್ಗೆ ಹಾಸನದ ಮುಖ್ಯ ಕಚೇರಿಯಿಂದ ಮೇಘಶ್ರೀ ಬಂದಳು. ಸಂಘದ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವಳು ಅವಳೇ.

“ಗಂಗಯ್ಯನೋರೆ, ನಲವತ್ತೊಂದು ಕಂಪ್ಯೂಟರ್ ನಮಗೆ ಹಾಸನದಲ್ಲೇ ಕಾಣ್ತವೆ. ನಿಮ್ದೊಂದೇ ಮೂರು ತಿಂಗ್ಳಿಂದ ಕಾಣ್ತಿಲ್ಲ.”

“ಒಳ್ಳೇದೇ ಆಯ್ತು ಬುಡವ್ವ. ಮೊದ್ಲೆಲ್ಲ ನಿಮ್ಮೋರು ಸೀಡಿ ತಕ್ಕಂಡ್ ಬಂದು, ಇಲ್ಲೇ ಕುಂತು ಆಕ್ಕೊಟ್ಟು, ಟೀ ಕುಡ್ದು ಓಯ್ತಿದ್ರು. ಹಾಸನದಲ್ ಕುಂತೋರು ನನ್ ಕಂಪ್ಯೂಟರಿಗೆ ಕೈ ಆಕೋದು ಅಂದ್ರೇನು?”

“ಹಂಗೆ ಊರೂರು ಸುತ್ತಕ್ಕೆ ಒಂದು ತಿಂಗ್ಳು ಬೇಕು. ವೈರಸ್ಸು ಅಲ್ಲೀಗಂಟ ಕಾಯ್ತದಾ? ಹೋದ ವಾರ ಚನ್ನರಾಯಪಟ್ಟಣದಲ್ಲಿ ಒಂದು ಅಂಗಡಿಗೆ ಪೆನ್‌ಡ್ರೈವಲ್ಲಿ ಬಂತು. ಐದೇ ನಿಮಿಷಕ್ಕೆ ಒಂದು ಫೈಲೂ ತೆರೀದಂಗಾಯ್ತು.”

ಗಂಗಯ್ಯ ಕಂಪ್ಯೂಟರಿನ ಕಡೆ ತಿರುಗಿದರು. “ನನ್ ಪಟ್ಟಿ?”

“ನಿಮ್ಮಲ್ಲಿರೋ ವೈರಸ್ ತಡೆಯೋ ಸಾಫ್ಟ್‌ವೇರು ಹಳೇದಾಗೋಗಿದೆ. ನೀಲಿ ತಂತಿ ಎಲ್ಲಿ?”

ಡ್ರಾಯರಿನಿಂದ ಪೊಟ್ಟಣ ಹೊರಬಂತು. ಮೇಘಶ್ರೀಗೆ ನಗು ತಡೆಯಲಾಗಲಿಲ್ಲ. ಒಡವೆಯನ್ನೂ ಯಾರೂ ಇಷ್ಟು ಜೋಪಾನ ಮಾಡುವುದಿಲ್ಲ!

“ಸಿಡಿಲು ಬಂದ್ರೆ ತೆಗೀರಿ, ತಪ್ಪಲ್ಲ. ನಿಂತ ಮೇಲೆ ಹಾಕ್ಬೇಕು. ಹೊಸ ಸಾಫ್ಟ್‌ವೇರ್ ಬರೋ ದಾರಿ ಇದೇ.”

“ಪಟ್ಟಿಗೇನಾದ್ರೂ ಆದ್ರೆ?”

“ಮೊದ್ಲು ಅದರ ನಕಲು ತೆಗೆದಿಡಾಣ. ಹೊಸದನ್ನ ನಮ್ಮ ಎರಡು ಕಂಪ್ಯೂಟರಿಗೆ ಹಾಕಿ ನೋಡಿದ್ಮೇಲೇನೇ ಎಲ್ಲರಿಗೂ ಕಳಿಸೋದು. ನಿಮ್ಮ ಪಟ್ಟಿ ನಾವು ಓದಲ್ಲ. ಯಾವ ಸಾಫ್ಟ್‌ವೇರ್ ಹಳೇದು ಅಂತಷ್ಟೇ ನೋಡೋದು.”

ನಕಲು ತೆಗೆದು, ತಂತಿ ಚುಚ್ಚಿ, ಅವಳು ಹಾಸನದಲ್ಲಿದ್ದ ಸಹೋದ್ಯೋಗಿಗೆ ಫೋನ್ ಮಾಡಿದಳು. “ಸಿದ್ದೇಶ, ಎಲ್ಲಾರಿಗೂ ಕಳ್ಸು.”

ಗಂಗಯ್ಯ ಕೈ ಕಟ್ಟಿ ಕೂತರು. ಯಾರೂ ಮುಟ್ಟದ ಪರದೆಯ ಮೇಲೆ ಗೆರೆಯೊಂದು ತಾನೇ ಬೆಳೆಯತೊಡಗಿತು. ಮೇಘಶ್ರೀಯ ಲ್ಯಾಪ್‌ಟಾಪಿನಲ್ಲಿ ನಲವತ್ತೆರಡು ಕಂಪ್ಯೂಟರುಗಳ ಹೆಸರು. ಸಾಫ್ಟ್‌ವೇರ್ ತಲುಪಿ ಹೊಳೆನರಸೀಪುರ ಹಸಿರಾಯಿತು. ಚನ್ನರಾಯಪಟ್ಟಣ ಹಸಿರಾಯಿತು. ಒಂದರ ಹಿಂದೊಂದು ಊರು! ಕಡೆಗೆ ಅರಕಲಗೂಡು. ಟೀ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಒಂದು ತಿಂಗಳ ಕೆಲಸ ಮುಗಿದಿತ್ತು. ಗಂಗಯ್ಯನವರ ಮೈ ಜುಮ್ಮೆಂದಿತು.

“ಅಬ್ಬಬ್ಬಾ! ಮನ್ಸನ ತಲೆ ಏನೇನ್ ಕಂಡಿಡೀತದವ್ವ!”

ಮಧ್ಯಾಹ್ನ ರೈತ ತಿಮ್ಮಪ್ಪ ಬಂದ. ಗಂಗಯ್ಯನವರ ಹಳೆಯ ಗೆಳೆಯ. ಮುಂದಿನ ತಿಂಗಳು ಮೊದಲ ಸಲ ಸಂಘದಿಂದ ಬಿತ್ತನೆ ಶುಂಠಿ ಒಯ್ಯುವವನಿದ್ದ. “ಪಹಣಿ ಇದ್ರಾಗೈತೆ ಕಣ್ಲಾ” ಎಂದು ಪೆನ್‌ಡ್ರೈವ್ ಕೊಟ್ಟ.

ಚುಚ್ಚಿದ್ದೇ ತಡ, ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು: ‘ವೈರಸ್ ಪತ್ತೆಯಾಗಿದೆ. ತಡೆಯಲಾಗಿದೆ.’

ಗಂಗಯ್ಯ ತಕ್ಷಣ ಪಟ್ಟಿ ತೆರೆದರು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಎಲ್ಲ ಹಾಗೇ ಇತ್ತು.

“ಯಾಕ್ಲಾ, ಅಂಗ್ಯಾಕೆ ನನ್ನೇ ನೋಡ್ತೀಯ?” ಎಂದ ತಿಮ್ಮಪ್ಪ.

“ನೀನು ನೆನ್ನೆ ಬಂದಿದ್ರೆ ನನ್ ಪಟ್ಟಿನೇ ಓಗ್ಬುಡ್ತಿತ್ತು. ರೋಗದ ಗೆಡ್ಡೆನ ನನ್ ಕೈಯಾರೆ ನಿನ್ ಹೊಲಕ್ಕೆ ಕಳಿಸ್ಬುಡ್ತಿದ್ನೋ ಏನೋ ಕಣ್ಲಾ” ಎಂದರು ಗಂಗಯ್ಯ. ಅವರ ಕಣ್ಣು ತುಂಬಿತ್ತು.

ಅಂದು ಸಂಜೆ ಅವರು ರಬ್ಬರ್ ಬ್ಯಾಂಡನ್ನೂ ಕವರನ್ನೂ ಕಸದ ಬುಟ್ಟಿಗೆ ಹಾಕಿದರು.

ಓದಿದಿರಲ್ಲ, ಈಗ ಎದ್ದು ನಿಮ್ಮ ಕಚೇರಿಯ ಕಂಪ್ಯೂಟರಿನ ಹಿಂದೆ ಒಮ್ಮೆ ಬಗ್ಗಿ ನೋಡಿ. ತಂತಿ ಇದೆಯೇ? ಮುಖ್ಯ ಕಚೇರಿಯಿಂದ ಹೊಸ ಸಾಫ್ಟ್‌ವೇರ್ ಬಂದಾಗ ‘ಆಮೇಲೆ ನೋಡೋಣ’ ಎನ್ನಬೇಡಿ, ಬರಲು ಬಿಡಿ. ನಿಮ್ಮನ್ನು ನಂಬಿದ ತಿಮ್ಮಪ್ಪ ಯಾರೋ ಇವತ್ತೇ ಬರುತ್ತಿರಬಹುದು.