ಜುಟ್ಟಿಲ್ಲದ ಹಣ

ಸಮ್‌ಚೊನ್‌ಪೊ ಬಂದರಿನ ಒಣಮೀನಿನ ಸಾಲಿನಲ್ಲಿ ನಾವು ಹನ್ನೊಂದು ಹೆಂಗಸರು ಇಪ್ಪತ್ತಾರು ವರ್ಷ ಚೀಟಿ ನಡೆಸಿದೆವು. ಯಜಮಾನಿ ಪಿಲ್‌ನ್ಯೊ. ಕಾಗದವಿಲ್ಲ, ಸಹಿಯಿಲ್ಲ, ಅವಳ ಮುಖ ನಮಗೆ, ನಮ್ಮ ಮುಖ ಅವಳಿಗೆ ಜಾಮೀನು. ಒಮ್ಮೆ ಒಬ್ಬಳು ಚೀಟಿ ಎತ್ತಿಕೊಂಡು ಓಡಿಹೋದಾಗ ಅವಳ ತವರಿಗೇ ಹೋಗಿ ಜುಟ್ಟು ಹಿಡಿದು ಎಳೆದು ತಂದಿದ್ದೆವು. ನಾಲ್ಕು ವರ್ಷ ಒಣಸಿಗಡಿ ಕೊಟ್ಟೇ ತೀರಿಸಿದಳು.

ಆ ವರ್ಷದ ಕೊನೆಯ ಸರದಿ ಮಲ್‌ಸುನ್‌ದು. ಕೊನೆಯವಳಿಗೆ ಬಡ್ಡಿ ಹೆಚ್ಚು, ಅದಕ್ಕೇ ಕಾದಿದ್ದಳು. ಅವಳ ಲೀಸಿನ ಕೋಣೆಗೆ ಮಾಲೀಕ ಇನ್ನೂ ಮೂರು ಕೋಟಿ ವೊನ್ ಕೇಳಿದ್ದ. ಮೇ ತಿಂಗಳ ಕೊನೆಯೊಳಗೆ ಕೊಡದಿದ್ದರೆ ಖಾಲಿ ಮಾಡಬೇಕು. ಚೀಟಿಯ ಮೊತ್ತವೂ ಅಷ್ಟೇ.

ಪಿಲ್‌ನ್ಯೊ ಆ ದುಡ್ಡನ್ನು ಫೋನಿನೊಳಗಿನ ನಾಣ್ಯಕ್ಕೆ ಹಾಕಿದ್ದಳು. ಹಿರಿಯರ ಭವನದ ಮೊಬೈಲ್ ತರಗತಿಯಲ್ಲಿ ಕಲಿತದ್ದು. ಆ ನಾಣ್ಯ ಯಾವತ್ತೂ ಒಂದು ಡಾಲರಿಗೆ ಸಮವಂತೆ, ಬಡ್ಡಿ ನೂರಕ್ಕೆ ಇಪ್ಪತ್ತಂತೆ. ಹತ್ತು ದಿನ ದುಡಿಸಿ ಮಲ್‌ಸುನ್ ಕೈಗೆ ನಾಲ್ಕು ಕಾಸು ಹೆಚ್ಚು ಇಡೋಣವೆಂದುಕೊಂಡಳು. ನಾನು ಬೇಡವೆಂದಿದ್ದೆ. ಆಗ ಅವಳು, ಸರಕಾರ ರಾತ್ರೋರಾತ್ರಿ ಹಳೆಯ ನೋಟು ರದ್ದು ಮಾಡಿದ ನಮ್ಮ ಬಾಲ್ಯದ ನೋಟು ಬದಲಾವಣೆಯನ್ನು ಎತ್ತಿದಳು.

"ಸರಕಾರ ನಂಬಿ ನಮ್ಮಪ್ಪ ಏನು ಕಂಡ ಅಕ್ಕ? ಇದರಲ್ಲಿ ಯಾರನ್ನೂ ನಂಬೋದೇ ಬೇಡ. ಲೆಕ್ಕನೇ ನೋಡ್ಕೊಳ್ಳುತ್ತೆ."

ಅವಳ ಮಾತು ಪೂರಾ ಸುಳ್ಳೂ ಅಲ್ಲ, ನೋಟು ಕಾಗದವೇ. ಆದರೆ ಅರವತ್ತೆಂಟನೆಯ ವಯಸ್ಸಿನಲ್ಲಿ ನಾನು ಸೇರಿದ ರಾತ್ರಿಶಾಲೆಯಲ್ಲಿ ಕು ಮೇಷ್ಟ್ರು ಹೇಳಿದ್ದರು: ಹಣವೆಂದರೆ ಎದುರಿನವ ಕೈಚಾಚಿ ತೆಗೆದುಕೊಳ್ಳಬೇಕು, ಅದರಲ್ಲಿ ಬೆಲೆ ಹೇಳಲು ಬರಬೇಕು, ಇಟ್ಟದ್ದು ಇಟ್ಟಷ್ಟೇ ಇರಬೇಕು. ನಮ್ಮ ಸಾಲಿನಲ್ಲಿ ಆ ನಾಣ್ಯಕ್ಕೆ ಯಾರೂ ಒಂದು ಒಣಮೀನು ಕೊಡರು. ಅದರಲ್ಲಿ ಯಾರೂ ಬೆಲೆ ಕೂಗರು. ಇನ್ನು ಮೂರನೆಯದು ನಾಲ್ಕು ದಿನದಲ್ಲಿ ಮುಗಿಯಿತು.

ನಾಣ್ಯದ ಬೆಲೆ ಬೀಳುತ್ತಿದ್ದಾಗ ಪಿಲ್‌ನ್ಯೊ ಮನೆಯನ್ನು ಅಡವಿಟ್ಟು ಇನ್ನಷ್ಟು ಕೊಂಡಳು. ನಮ್ಮಲ್ಲಿ ಇದಕ್ಕೆ ನೀರು ಬೆರೆಸುವುದು ಎನ್ನುತ್ತಾರೆ. ಉಪ್ಪಾದ ಸಾರನ್ನು ತಿಳಿ ಮಾಡಿದ ಹಾಗೆ, ದುಬಾರಿಗೆ ಕೊಂಡದ್ದರ ಜೊತೆ ಅಗ್ಗದ್ದನ್ನು ಸೇರಿಸುವುದು. ಸಾರೇ ಉಳಿಯಲಿಲ್ಲ.

ನಾವೆಲ್ಲ ಅವಳ ಮನೆಗೆ ಹೋಗಿ ಕೂತೆವು. ಸಾಲ ವಸೂಲಿಗೆ ಹೋದವರು ದುಡ್ಡು ಸಿಗದೆ ಎದ್ದು ಬರುವ ಪದ್ಧತಿಯಿಲ್ಲ. ಅವಳು ಅನ್ನ ಮಾಡಿ ಬಡಿಸಿದಳು, ಫೋನು ತೋರಿಸಿದಳು. ಯಾರ ಹತ್ತಿರ ಕೇಳುವುದು? ಅದಕ್ಕೆ ಅಂಗಡಿಯಿಲ್ಲ, ತವರಿಲ್ಲ, ಜುಟ್ಟಿಲ್ಲ. ಉಳಿದವರ ಸರದಿ ಮೊದಲೇ ಆಗಿಹೋಗಿತ್ತು. ಸಂಜೆಯ ಹೊತ್ತಿಗೆ ಒಬ್ಬೊಬ್ಬರೇ ಚಪ್ಪಲಿ ಮೆಟ್ಟಿದರು. ನಾನೂ ಮೆಟ್ಟಿದೆ.

ಮಲ್‌ಸುನ್ ಏಳಲಿಲ್ಲ. ತಿಂಗಳ ಕೊನೆಗೆ ಹಾಸಿಗೆ, ಕಿಮ್ಚಿಯ ಜಾಡಿ ತಂದು ಅಲ್ಲೇ ಇಳಿದಳು.

"ನಿನ್ನ ಫೋನು ನನಗ್ಯಾಕೆ? ನಾನು ದುಡ್ಡು ಕೊಟ್ಟಿದ್ದು ನಿನಗೆ. ತೀರೋವರೆಗೂ ಇಲ್ಲೇ ಬಿದ್ದಿರ್ತೀನಿ."

ಪಿಲ್‌ನ್ಯೊ ಒಲೆಯ ಪಕ್ಕದ ಬೆಚ್ಚನೆಯ ಜಾಗ ಬಿಟ್ಟುಕೊಟ್ಟಳು. ಇಬ್ಬರೂ ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದರು.

ಅಕ್ಟೋಬರಿನಲ್ಲಿ ಅಡವಿನ ಸಾಲಕ್ಕೆ ಜಪ್ತಿಯವರು ಬಂದರು. ಫ್ರಿಜ್ಜಿಗೆ, ಅನ್ನದ ಕುಕ್ಕರಿಗೆ, ಹಾಸಿಗೆಯ ಪೆಟ್ಟಿಗೆಗೆ ಕೆಂಪು ಸ್ಟಿಕ್ಕರ್ ಅಂಟಿಸುತ್ತ ಬಂದ ಅಧಿಕಾರಿ, ಇದರಲ್ಲಿ ನಿಮ್ಮದೇನಾದರೂ ಇದೆಯಾ ಅಜ್ಜಿ ಎಂದು ಮಲ್‌ಸುನ್‌ಳನ್ನು ಕೇಳಿದ.

"ಈ ಮುದುಕಿ ಒಬ್ಬಳು. ಇವಳಿಗೆ ಅಂಟಿಸಬೇಡಪ್ಪ. ಇವಳ ಮೇಲೆ ನನ್ನ ಹಕ್ಕು ಮೊದಲಿಂದು."

ಅವನು ನಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ನಾವೂ ನಗಲಿಲ್ಲ.

ಮನೆಯೂ ಹರಾಜಾಗಿ ಈಗ ಇಬ್ಬರೂ ನನ್ನ ಅಂಗಡಿಯ ಹಿಂದಿನ ಮೀನಿನ ಉಗ್ರಾಣದಲ್ಲಿದ್ದಾರೆ. ಪಿಲ್‌ನ್ಯೊ ಮೀನು ಸೀಳಿ ದಿನಕ್ಕೆ ಹತ್ತು ಸಾವಿರ ವೊನ್‌ನ ಒಂದು ನೋಟು ಮಲ್‌ಸುನ್ ಮುಂದಿಡುತ್ತಾಳೆ. ಮಲ್‌ಸುನ್ ಅದನ್ನು ಬೆಳಕಿಗೆ ಹಿಡಿದು ನೋಡಿ ಮಡಿಚಿಡುತ್ತಾಳೆ. ಹೀಗೇ ನಡೆದರೆ ತೀರಲು ಎಂಟು ವರ್ಷ ಬೇಕು. ಪಿಲ್‌ನ್ಯೊಗೆ ಎಪ್ಪತ್ತೈದು, ಕೆಮ್ಮಿದಾಗ ರಕ್ತ ಬೀಳುತ್ತಿದೆ. ಔಷಧಿಗೆ ಮಲ್‌ಸುನ್ ಆ ನೋಟುಗಳನ್ನೇ ಒಂದೊಂದಾಗಿ ಬಿಚ್ಚುತ್ತಿದ್ದಾಳೆ.